ಸೆಪ್ಟಿಕ್ ಟ್ಯಾಂಕು: ಯಾವ ಕೊಳವೆ ಎಲ್ಲಿರಬೇಕು?

ವೇಲಚೇರಿ ತಗ್ಗಿನ ಪ್ರದೇಶ. ಪಕ್ಕದಲ್ಲೇ ಪಳ್ಳಿಕರಣೆಯ ಜೌಗುನೆಲ. 2015ರ ಡಿಸೆಂಬರಿನ ನೆರೆಯಲ್ಲಿ ಇಲ್ಲಿನ ಬೀದಿಗಳು ಮುಳುಗಿದುದನ್ನು ನಮ್ಮವರು ಅನೇಕರು ಬಲ್ಲರು. ಇಂತಹ ನೆಲದಲ್ಲಿ, ಒಳಚರಂಡಿಯ ಸಂಪರ್ಕವಿಲ್ಲದ ಮನೆಯಲ್ಲಿರುವ ಬಾಡಿಗೆದಾರನೂ ಸೆಪ್ಟಿಕ್ ಟ್ಯಾಂಕಿನ ಕ್ರಮವನ್ನು ತಿಳಿದಿರುವುದು ಲೇಸು.

ಟ್ಯಾಂಕಿನಲ್ಲಿ ಮೂರು ಪದರಗಳು: ತಳದಲ್ಲಿ ರಾಡಿ, ಮೇಲೆ ಜಿಡ್ಡು, ನಡುವೆ ಒಂದಿಷ್ಟು ತಿಳಿಯಾದ ನೀರು. ಹೊರಕ್ಕೆ ಹೋಗಬೇಕಾದುದು ನಡುವಣ ನೀರು ಮಾತ್ರ. ಆದುದರಿಂದ ಒಳಕೊಳವೆಗೂ ಹೊರಕೊಳವೆಗೂ ‘ಟೀ’ ಆಕಾರದ ತುಂಡನ್ನು ಜೋಡಿಸಿ, ಅದರ ಕಾಲು ಜಿಡ್ಡಿನ ಕೆಳಕ್ಕೆ ಮುಳುಗುವಂತೆ ಇಡುತ್ತಾರೆ. ಹೊರಕೊಳವೆಯು ಒಳಕೊಳವೆಗಿಂತ ಸುಮಾರು 5 ಸೆಂಟಿಮೀಟರು ತಗ್ಗಿನಲ್ಲಿರಬೇಕು. ಇಲ್ಲವಾದರೆ ಕೊಳೆನೀರು ಕಕ್ಕಸಿನ ಕಡೆಗೇ ತಿರುಗೀತು. ನೆರೆಯ ನೀರು ಹಿಮ್ಮುಖವಾಗಿ ನುಗ್ಗದಂತೆ ಹೊರಕೊಳವೆಗೆ ಒಮ್ಮುಖ ವಾಲ್ವು ಹಾಕಿಸುವುದು ಒಳ್ಳೆಯದು.

ಮೂರನೆಯದು ಗಾಳಿಕೊಳವೆ. ಅದು ಮನೆಯ ಮಾಡಿಗಿಂತ ಎತ್ತರಕ್ಕೆ ಹೋಗಿರಬೇಕು. ಬಾಯಿಗೆ ಸೊಳ್ಳೆಯ ಜಾಲರಿ ಬೇಕು. ಆದರೆ ಅದಿದೆಯೆಂದು ಟ್ಯಾಂಕಿಗೆ ಇಳಿಯುವುದು ಕ್ಷೇಮವೆಂದು ಭಾವಿಸಬಾರದು. ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಗಾಳಿಗಿಂತ ಭಾರವಾದುದು, ತಳದಲ್ಲಿ ಕೂಡುತ್ತದೆ. ಅದು ಹೆಚ್ಚಿದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುವುದು ಹೀಗೆಯೇ.

ಹಾಯಿದೋಣಿಗಳ ಮಲತೊಟ್ಟಿಯನ್ನು ನೋಡಿರಿ. ಹೀರುಕೊಳವೆ ತೊಟ್ಟಿಯ ತಳದವರೆಗೆ ಇಳಿದಿದ್ದು, ಅದರ ಬಾಯಿ ಅಟ್ಟದ ಮೇಲಿರುತ್ತದೆ. ದಡದ ಪಂಪು ಮೇಲಿನಿಂದಲೇ ಹೀರುತ್ತದೆ, ಯಾರೂ ಇಳಿಯಬೇಕಾಗಿಲ್ಲ. ನೆಲದ ಮೇಲೂ ಹಾಗೆಯೇ, ಟ್ಯಾಂಕಿನ ಮುಚ್ಚಳ ಲಾರಿಯ ಕೊಳವೆಗೆ ಎಟಕುವ ಕಡೆ ಇರಬೇಕು. ಅದರ ಮೇಲೆ ಗಾರೆ ಬಳಿದು ಮುಚ್ಚಬಾರದು.

ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿಮಾಡಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಹಾಗೆ ಮಡಿದವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಆಜ್ಞೆಮಾಡಿತು. ಟ್ಯಾಂಕು ತುಂಬಿದರೆ 14420ಕ್ಕೆ ದೂರವಾಣಿ ಮಾಡಿ ಲಾರಿಯನ್ನು ಕರೆಸಬಹುದು.

ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಇಷ್ಟನ್ನು ಮರೆಯದೆ ಹೇಳಿರಿ: ಎಷ್ಟು ಕೂಲಿ ಕೊಡುತ್ತೇವೆಂದರೂ ಟ್ಯಾಂಕಿಗೆ ಇಳಿಯಬಾರದು. ಒಳಗೆ ಯಾರಾದರೂ ಬಿದ್ದರೆ ತಾನೂ ಇಳಿಯದೆ, ಕೂಡಲೆ 112ಕ್ಕೆ ಕರೆಮಾಡಬೇಕು.