ಒಳಾಂಗಣ ಸ್ಥಾನಪತ್ತೆ ಉಪಕರಣಗಳ ದರಪಟ್ಟಿ ಕೋರಿಕೆ

ಒಳಾಂಗಣ ಸ್ಥಾನಪತ್ತೆ ಉಪಕರಣಗಳ ದರಪಟ್ಟಿ ಕೋರಿಕೆ ಎಂಬುದು ಕಾರ್ಖಾನೆ, ಉಗ್ರಾಣ, ಕಾರ್ಯಾಗಾರ ಮೊದಲಾದ ಕೈಗಾರಿಕಾ ಕಟ್ಟಡಗಳ ಒಳಗೆ ವಸ್ತು, ವಾಹನ ಹಾಗೂ ಕೆಲಸಗಾರರು ಇರುವ ಸ್ಥಳವನ್ನು ತಿಳಿಸುವ ಸಾಧನಗಳನ್ನು ಕೊಳ್ಳುವ ಮೊದಲು ಖರೀದಿದಾರ ಸಂಸ್ಥೆಯು ಮಾರಾಟಗಾರರಿಗೆ ಕಳುಹಿಸುವ ಲಿಖಿತ ವಿವರಣೆಯಾಗಿದೆ. ಯಾವ ಕೆಲಸಕ್ಕಾಗಿ, ಎಂಥ ಕಟ್ಟಡದಲ್ಲಿ, ಎಷ್ಟು ನಿಖರವಾಗಿ ಸ್ಥಾನ ತಿಳಿಯಬೇಕು ಹಾಗೂ ಆ ನಿಖರತೆಯನ್ನು ಹೇಗೆ ಪರೀಕ್ಷಿಸಲಾಗುವುದು ಎಂಬ ನಾಲ್ಕು ಸಂಗತಿಗಳು ಇದರ ತಿರುಳು. ಇವು ಸ್ಪಷ್ಟವಾಗಿಲ್ಲದಿದ್ದರೆ ಪ್ರತಿಯೊಬ್ಬ ಮಾರಾಟಗಾರನೂ ತನ್ನ ಊಹೆಯಂತೆ ಬೇರೆ ಬೇರೆ ವ್ಯವಸ್ಥೆಗೆ ಬೆಲೆ ಹೇಳುತ್ತಾನೆ. ಅಂಥ ದರಗಳನ್ನು ಪರಸ್ಪರ ಹೋಲಿಸುವುದು ಸಾಧ್ಯವಾಗುವುದಿಲ್ಲ. ಅಳತೆ ಕೊಡದೆ ಅಂಗಿ ಹೊಲಿಸಲು ಹೇಳಿದರೆ ಆಗುವಂತೆಯೇ, ಇಲ್ಲಿಯೂ ಕಡಿಮೆ ಬೆಲೆಯದೆಂದು ಆರಿಸಿದ ವ್ಯವಸ್ಥೆಯು ಕೆಲಸಕ್ಕೆ ಹೊಂದದೆ ಹೋಗಬಹುದು.

ಹಿನ್ನೆಲೆ

ಬಯಲಿನಲ್ಲಿ ಸ್ಥಾನ ತಿಳಿಯಲು ಜಿ.ಪಿ.ಎಸ್. ವ್ಯವಸ್ಥೆ ಬಳಕೆಯಲ್ಲಿದೆ. ಇದರ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಷ್ಟು ದೂರದಿಂದ ಬರುವ ಸಂಕೇತ ಅತ್ಯಂತ ಕ್ಷೀಣವಾಗಿರುವುದರಿಂದ ಕಾಂಕ್ರೀಟ್ ಗೋಡೆ ಮತ್ತು ಲೋಹದ ಛಾವಣಿಗಳ ಒಳಗೆ ಅದು ವಿಶ್ವಾಸಾರ್ಹವಾಗಿ ದೊರೆಯುವುದಿಲ್ಲ. ಈ ಕಾರಣದಿಂದ ಕಟ್ಟಡದ ಒಳಗೇ ಅಳವಡಿಸುವ ಪ್ರತ್ಯೇಕ ವ್ಯವಸ್ಥೆಗಳು ಬೆಳೆದುಬಂದವು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದ ಆ್ಯಕ್ಟಿವ್ ಬ್ಯಾಡ್ಜ್ ಈ ಕ್ಷೇತ್ರದ ಆರಂಭಿಕ ಪ್ರಯತ್ನಗಳಲ್ಲಿ ಒಂದು. ರಾಯ್ ವಾಂಟ್, ಆಂಡಿ ಹಾಪರ್ ಮತ್ತು ಸಂಗಡಿಗರು 1992ರಲ್ಲಿ ಇದರ ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಉದ್ಯೋಗಿಗಳು ಧರಿಸುವ ಬಿಲ್ಲೆಯು ಅವಕೆಂಪು ಕಿರಣಗಳ ಮೂಲಕ ಯಾರು ಯಾವ ಕೋಣೆಯಲ್ಲಿದ್ದಾರೆಂಬುದನ್ನು ತಿಳಿಸುತ್ತಿತ್ತು. 2000ದಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ವಿಜ್ಞಾನಿಗಳು ನಿಸ್ತಂತು ಜಾಲದ ಸಂಕೇತದ ಪ್ರಬಲತೆಯಿಂದ ಸ್ಥಾನವನ್ನು ಅಂದಾಜು ಮಾಡುವ ರೇಡಾರ್ ಎಂಬ ವ್ಯವಸ್ಥೆಯನ್ನು ವಿವರಿಸಿದರು. 2002ರಲ್ಲಿ ಅಮೆರಿಕದ ಫೆಡರಲ್ ಸಂವಹನ ಆಯೋಗವು 3.1ರಿಂದ 10.6 ಗಿಗಾಹರ್ಟ್ಸ್ ವ್ಯಾಪ್ತಿಯಲ್ಲಿ ಅಲ್ಟ್ರಾ ವೈಡ್‌ಬ್ಯಾಂಡ್ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು ಅನುಮತಿಸಿತು. ಇಂದು ಕೈಗಾರಿಕೆಗಳಲ್ಲಿ ಕಂಡುಬರುವ ಹೆಚ್ಚು ನಿಖರವಾದ ವ್ಯವಸ್ಥೆಗಳಲ್ಲಿ ಹಲವು ಈ ತಂತ್ರವನ್ನು ಅವಲಂಬಿಸಿವೆ.

ವ್ಯವಸ್ಥೆಯ ಭಾಗಗಳು

ಸಾಮಾನ್ಯವಾಗಿ ಇಂಥ ವ್ಯವಸ್ಥೆಯಲ್ಲಿ ಮೂರು ಭಾಗಗಳಿರುತ್ತವೆ. ವಸ್ತುವಿಗೆ ಅಂಟಿಸುವ ಅಥವಾ ವ್ಯಕ್ತಿ ಧರಿಸುವ ಚಿಕ್ಕ ಸಾಧನಕ್ಕೆ ಟ್ಯಾಗ್ ಎಂದು ಹೆಸರು. ಗೋಡೆ, ಕಂಬ ಅಥವಾ ಛಾವಣಿಯಲ್ಲಿ ಸ್ಥಿರವಾಗಿ ಕೂರಿಸುವ ಸಾಧನ ಆಂಕರ್. ಇವುಗಳಿಂದ ಬಂದ ಮಾಹಿತಿಯನ್ನು ಲೆಕ್ಕಹಾಕಿ ನಕ್ಷೆಯ ಮೇಲೆ ಸ್ಥಾನವನ್ನು ತೋರಿಸುವುದು ಸರ್ವರ್ ಮತ್ತು ಅದರ ತಂತ್ರಾಂಶ. ಆಂಕರ್‌ಗಳ ಸ್ಥಾನವನ್ನು ಮೊದಲೇ ಅಳೆದು ದಾಖಲಿಸಿರಬೇಕು. ಆ ಅಳತೆಯಲ್ಲಿ ಆಗುವ ತಪ್ಪು ಮುಂದಿನ ಎಲ್ಲ ಲೆಕ್ಕಗಳಲ್ಲಿಯೂ ಉಳಿದುಕೊಳ್ಳುತ್ತದೆ.

ಪ್ರಮುಖ ತಂತ್ರಜ್ಞಾನಗಳು

ಅಲ್ಟ್ರಾ ವೈಡ್‌ಬ್ಯಾಂಡ್ ವ್ಯವಸ್ಥೆಯು ರೇಡಿಯೊ ಸಂಕೇತವು ಸಾಗಲು ತೆಗೆದುಕೊಂಡ ಸಮಯವನ್ನು ಅಳೆಯುತ್ತದೆ. ಬೆಳಕಿನ ವೇಗದಲ್ಲಿ ಸಾಗುವ ಸಂಕೇತವು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಕ್ರಮಿಸುತ್ತದೆ. ಆದ್ದರಿಂದ ಸಮಯದ ಅಳತೆಯಲ್ಲಿ ಒಂದು ನ್ಯಾನೊಸೆಕೆಂಡಿನ ತಪ್ಪಾದರೂ ದೂರದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಟ್ಯಾಗ್ ಮತ್ತು ಆಂಕರ್‌ಗಳ ನಡುವೆ ಅಡ್ಡಿಯಿಲ್ಲದಿದ್ದಾಗ ಈ ವಿಧಾನದಲ್ಲಿ ಕೆಲವೇ ಹತ್ತು ಸೆಂಟಿಮೀಟರ್‌ಗಳ ನಿಖರತೆ ದೊರೆಯುತ್ತದೆ.

ಬ್ಲೂಟೂತ್ ವ್ಯವಸ್ಥೆಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಬಳಸುತ್ತವೆ. ಸಂಕೇತದ ಪ್ರಬಲತೆಯನ್ನಷ್ಟೇ ಆಧರಿಸಿದರೆ ಕೆಲವು ಮೀಟರ್‌ಗಳ ವ್ಯತ್ಯಾಸ ಸಹಜ. 2019ರಲ್ಲಿ ಹೊರಬಂದ ಬ್ಲೂಟೂತ್ 5.1 ಆವೃತ್ತಿಯು ಸಂಕೇತ ಬರುವ ದಿಕ್ಕನ್ನು ಗುರುತಿಸುವ ಸೌಲಭ್ಯವನ್ನು ಸೇರಿಸಿ ಈ ಮಿತಿಯನ್ನು ತಗ್ಗಿಸಿತು.

ಬ್ಯಾಟರಿಯಿಲ್ಲದ ಆರ್.ಎಫ್.ಐ.ಡಿ. ಟ್ಯಾಗ್‌ಗಳು ಇವೆಲ್ಲಕ್ಕಿಂತ ಅಗ್ಗ. ಇವು ವಸ್ತುವಿನ ನಿರಂತರ ಸ್ಥಾನವನ್ನು ತಿಳಿಸುವುದಕ್ಕಿಂತ, ವಸ್ತುವು ಒಂದು ಬಾಗಿಲನ್ನು ಅಥವಾ ಓದುಗ ಯಂತ್ರವನ್ನು ಹಾದುಹೋಯಿತೆಂದು ತಿಳಿಸಲು ಹೆಚ್ಚು ಸೂಕ್ತ.

ಕೋರಿಕೆಯಲ್ಲಿ ಇರಬೇಕಾದ ಅಂಶಗಳು

ಉದ್ದೇಶ: ತಂತ್ರಜ್ಞಾನದ ಹೆಸರಿಗಿಂತ ಮೊದಲು ಉತ್ತರ ಬೇಕಾದ ಪ್ರಶ್ನೆಯನ್ನು ಬರೆಯುವುದು ಉಚಿತ. ‘ಅಚ್ಚು ಯಾವ ಕೊಠಡಿಯಲ್ಲಿದೆ’ ಎಂಬ ಪ್ರಶ್ನೆಗೆ ಕೊಠಡಿಯ ಮಟ್ಟದ ಮಾಹಿತಿ ಸಾಕು. ‘ಯಾವ ಸಾಲಿನ ಯಾವ ಕಪಾಟಿನಲ್ಲಿದೆ’ ಎಂಬುದಕ್ಕೆ ಒಂದು ಮೀಟರಿಗಿಂತ ಉತ್ತಮ ನಿಖರತೆ ಬೇಕು. ‘ಸರಕು ಹೊರಗೆ ಹೋಯಿತೆ’ ಎಂಬುದಷ್ಟೇ ತಿಳಿಯಬೇಕಿದ್ದರೆ ಬಾಗಿಲ ಬಳಿಯ ಓದುಗ ಯಂತ್ರವೇ ಸಾಕಾಗಬಹುದು. ಅಗತ್ಯಕ್ಕಿಂತ ಹೆಚ್ಚಿನ ನಿಖರತೆಯನ್ನು ಕೇಳಿದರೆ ವೆಚ್ಚವೂ ಅಷ್ಟೇ ಏರುತ್ತದೆ.

ಸ್ಥಳದ ವಿವರ: ಕಟ್ಟಡದ ಅಳತೆಯುಳ್ಳ ನಕ್ಷೆ, ಛಾವಣಿಯ ಎತ್ತರ, ಕಪಾಟು ಮತ್ತು ಯಂತ್ರಗಳ ಸ್ಥಾನ, ಗೋಡೆಗಳ ಸಾಮಗ್ರಿ, ವಿದ್ಯುತ್ ಹಾಗೂ ಜಾಲದ ಸಂಪರ್ಕ ದೊರೆಯುವ ಜಾಗಗಳು ಇದರಲ್ಲಿ ಸೇರುತ್ತವೆ. ಲೋಹದ ಮೇಲ್ಮೈಗಳು ರೇಡಿಯೊ ತರಂಗಗಳನ್ನು ಪ್ರತಿಫಲಿಸುತ್ತವೆ. ನೀರು ತುಂಬಿದ ಪೀಪಾಯಿಗಳೂ ಮನುಷ್ಯ ಶರೀರವೂ ಅವನ್ನು ಹೀರಿಕೊಳ್ಳುತ್ತವೆ. 100 ಮೀಟರ್ ಉದ್ದ, 50 ಮೀಟರ್ ಅಗಲದ ಬರಿದಾದ ಅಂಗಳದಲ್ಲಿ 25 ಮೀಟರಿಗೊಂದರಂತೆ ಆಂಕರ್‌ಗಳನ್ನು ಕೂರಿಸಿದರೆ ಉದ್ದಕ್ಕೆ 5, ಅಗಲಕ್ಕೆ 3ರಂತೆ ಒಟ್ಟು 15 ಬೇಕಾಗುತ್ತವೆ. ಅದೇ ಅಂಗಳದಲ್ಲಿ ಎತ್ತರದ ಉಕ್ಕಿನ ಕಪಾಟುಗಳ ಸಾಲುಗಳಿದ್ದರೆ ಪ್ರತಿ ಓಣಿಗೂ ಪ್ರತ್ಯೇಕವಾಗಿ ಆಂಕರ್‌ಗಳನ್ನು ಇಡಬೇಕಾಗಿ ಸಂಖ್ಯೆಯು ಹಲವು ಪಟ್ಟು ಹೆಚ್ಚಬಹುದು. ಕಪಾಟುಗಳ ವಿಷಯವನ್ನು ತಿಳಿಸದೆ ಪಡೆದ ದರವು ಬರಿದಾದ ಅಂಗಳದ ದರವಾಗಿಯೇ ಉಳಿಯುತ್ತದೆ.

ಸ್ಥಾನ ತಿಳಿಸುವ ಆವರ್ತನ: ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಚಲಿಸುವ ಫೋರ್ಕ್‌ಲಿಫ್ಟ್ ಒಂದು ಸೆಕೆಂಡಿನಲ್ಲಿ ಸುಮಾರು 2.8 ಮೀಟರ್ ಮುಂದೆ ಸಾಗುತ್ತದೆ. ಸೆಕೆಂಡಿಗೊಮ್ಮೆ ಮಾತ್ರ ಸ್ಥಾನ ತಿಳಿಸುವ ಟ್ಯಾಗ್ ಎಷ್ಟೇ ನಿಖರವಾಗಿದ್ದರೂ ಆ ನಡುವಿನ ಚಲನೆಯನ್ನು ತೋರಿಸಲಾರದು. ಸಂಕೇತ ಹೊರಟ ಕ್ಷಣದಿಂದ ಪರದೆಯ ಮೇಲೆ ಸ್ಥಾನ ಕಾಣುವವರೆಗಿನ ವಿಳಂಬವನ್ನೂ ಮಾರಾಟಗಾರನು ತಿಳಿಸುವಂತೆ ಕೇಳಬೇಕು.

ಬ್ಯಾಟರಿಯ ಬಾಳಿಕೆ: ಇದು ಆವರ್ತನಕ್ಕೆ ನೇರವಾಗಿ ಸಂಬಂಧಿಸಿದೆ. ಉದಾಹರಣೆಗೆ, 1000 ಮಿಲಿಆಂಪಿಯರ್ ಗಂಟೆ ಸಾಮರ್ಥ್ಯದ ಬ್ಯಾಟರಿಯುಳ್ಳ ಟ್ಯಾಗ್ ವಿಶ್ರಾಂತಿಯಲ್ಲಿ 5 ಮೈಕ್ರೊಆಂಪಿಯರ್ ಬಳಸುತ್ತದೆ, ಪ್ರತಿ ಪ್ರಸಾರಕ್ಕೂ 100 ಮೈಕ್ರೊಕೂಲಂಬ್ ವೆಚ್ಚಮಾಡುತ್ತದೆ ಎಂದು ಭಾವಿಸಿದರೆ, ಲೆಕ್ಕದ ಪ್ರಕಾರ ಅದರ ಬಾಳಿಕೆ ಹೀಗಿರುತ್ತದೆ:

10 ಸೆಕೆಂಡಿಗೆ ಒಮ್ಮೆ ಪ್ರಸಾರವಾದರೆ – ಸುಮಾರು 7.6 ವರ್ಷ
ಸೆಕೆಂಡಿಗೆ ಒಮ್ಮೆ ಪ್ರಸಾರವಾದರೆ – ಸುಮಾರು 13 ತಿಂಗಳು
ಸೆಕೆಂಡಿಗೆ 10 ಬಾರಿ ಪ್ರಸಾರವಾದರೆ – ಸುಮಾರು 41 ದಿನ

ಕೊನೆಯ ಸಂದರ್ಭದಲ್ಲಿ 300 ಟ್ಯಾಗ್‌ಗಳಿರುವ ಕಾರ್ಖಾನೆಯು ದಿನಕ್ಕೆ ಸರಾಸರಿ 7 ಬ್ಯಾಟರಿಗಳನ್ನು ಬದಲಿಸಬೇಕಾಗುತ್ತದೆ ಅಥವಾ ಪುನಃ ತುಂಬಬೇಕಾಗುತ್ತದೆ. ಆದುದರಿಂದ ‘ಬ್ಯಾಟರಿ 7 ವರ್ಷ ಬಾಳುತ್ತದೆ’ ಎಂಬ ಮಾತಿನ ಜೊತೆಗೆ ಯಾವ ಆವರ್ತನದಲ್ಲಿ ಎಂಬ ವಿವರವೂ ಇರುವುದು ಅವಶ್ಯ. ನಿಂತಿರುವಾಗ ಪ್ರಸಾರವನ್ನು ತಗ್ಗಿಸುವ ಚಲನಸಂವೇದಿ ಟ್ಯಾಗ್‌ಗಳಲ್ಲಿ ಬಾಳಿಕೆ ಹೆಚ್ಚುತ್ತದೆ.

ಪರಿಸರ: ಧೂಳು, ನೀರು, ಎಣ್ಣೆ, ಉಷ್ಣತೆ ಮತ್ತು ಕಂಪನಗಳ ವಿವರವನ್ನು ನೀಡಬೇಕು. ಧೂಳು ಮತ್ತು ನೀರಿನಿಂದ ರಕ್ಷಣೆಯ ಮಟ್ಟವನ್ನು ಐ.ಇ.ಸಿ. 60529 ಮಾನಕದ ಐ.ಪಿ. ಸಂಖ್ಯೆಗಳು ಸೂಚಿಸುತ್ತವೆ. ಐ.ಪಿ. 65 ಎಂದರೆ ಧೂಳು ಒಳನುಗ್ಗದಂತೆಯೂ ನೀರಿನ ಚಿಲುಮೆಯನ್ನು ತಡೆಯುವಂತೆಯೂ ಇರುವ ಕವಚ. ಐ.ಪಿ. 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಹಾನಿಯಾಗದ ಕವಚ. ಸ್ಫೋಟಕ ಅನಿಲ ಸೇರಬಹುದಾದ ಜಾಗಗಳಲ್ಲಿ ಬಳಸುವ ವಿದ್ಯುತ್ ಉಪಕರಣಗಳಿಗೆ ಭಾರತದಲ್ಲಿ ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಅನುಮೋದನೆಯ ಪ್ರಶ್ನೆ ಬರುತ್ತದೆ.

ಹೊಂದಾಣಿಕೆ: ಸ್ಥಾನದ ಮಾಹಿತಿಯು ಈಗಾಗಲೇ ಇರುವ ದಾಸ್ತಾನು ತಂತ್ರಾಂಶಕ್ಕೆ ಹೇಗೆ ತಲುಪುತ್ತದೆ, ಒಬ್ಬ ತಯಾರಕನ ಟ್ಯಾಗ್ ಇನ್ನೊಬ್ಬನ ಆಂಕರ್‌ನೊಡನೆ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳುವುದು ಅಗತ್ಯ. ಭಿನ್ನ ತಯಾರಕರ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದು ರೂಪಿಸಿದ ಓಮ್‌ಲಾಕ್ಸ್ ಎಂಬ ಮುಕ್ತ ಮಾನಕವನ್ನು ಪ್ರೊಫಿಬಸ್ ಮತ್ತು ಪ್ರೊಫಿನೆಟ್ ಇಂಟರ್‌ನ್ಯಾಷನಲ್ ಸಂಸ್ಥೆಯು ನಿರ್ವಹಿಸುತ್ತದೆ. ಒಬ್ಬನೇ ತಯಾರಕನಿಗೆ ಕಟ್ಟುಬಿದ್ದರೆ ಮುಂದಿನ ಪ್ರತಿಯೊಂದು ಟ್ಯಾಗಿಗೂ ಅವನು ಹೇಳಿದ ಬೆಲೆಯನ್ನೇ ಕೊಡಬೇಕಾಗುತ್ತದೆ.

ಬೆಲೆಯ ವಿಂಗಡಣೆ

ಒಂದೇ ಮೊತ್ತದ ದರಪಟ್ಟಿಯಿಂದ ಹೋಲಿಕೆ ಸಾಧ್ಯವಾಗದ ಕಾರಣ, ಕೆಳಗಿನ ಬಾಬುಗಳಿಗೆ ಪ್ರತ್ಯೇಕ ದರವನ್ನು ಕೇಳುವುದು ರೂಢಿ:

ಟ್ಯಾಗ್, ಆಂಕರ್ ಮತ್ತು ಸರ್ವರ್‌ಗಳ ಬಿಡಿ ಬೆಲೆ ಹಾಗೂ ಸಂಖ್ಯೆ
ಕೇಬಲ್, ಸ್ವಿಚ್ ಮತ್ತು ಅಳವಡಿಕೆಯ ಕೂಲಿ
ತಂತ್ರಾಂಶದ ಪರವಾನಗಿ, ಅದು ಒಮ್ಮೆ ಕೊಡುವುದೋ ವರ್ಷಕ್ಕೊಮ್ಮೆ ಕೊಡುವುದೋ ಎಂಬ ವಿವರ
ಆಂಕರ್‌ಗಳ ಸ್ಥಾನದ ಅಳತೆ ಮತ್ತು ಸಿಬ್ಬಂದಿಯ ತರಬೇತಿ
ಖಾತರಿಯ ಅವಧಿ, ಬ್ಯಾಟರಿ ಬದಲಾವಣೆ ಮತ್ತು ವಾರ್ಷಿಕ ನಿರ್ವಹಣೆ
ಜಿ.ಎಸ್.ಟಿ., ಆಮದು ಸುಂಕ ಮತ್ತು ಸಾಗಣೆ

ಈಥರ್ನೆಟ್ ಕೇಬಲಿನ ಮೂಲಕವೇ ವಿದ್ಯುತ್ ಪಡೆಯುವ ಆಂಕರ್‌ಗಳಿಗೆ ಒಂದು ಕೇಬಲಿನ ಉದ್ದ 100 ಮೀಟರ್ ಮೀರಬಾರದು. ದೊಡ್ಡ ಕಟ್ಟಡಗಳಲ್ಲಿ ಇದರಿಂದ ಹೆಚ್ಚುವರಿ ಸ್ವಿಚ್‌ಗಳು ಬೇಕಾಗುತ್ತವೆ. ಐದು ವರ್ಷಗಳ ಒಟ್ಟು ವೆಚ್ಚವನ್ನು ಕೇಳಿದಾಗ, ಆರಂಭದಲ್ಲಿ ಅಗ್ಗವೆನಿಸಿದ ವ್ಯವಸ್ಥೆಯ ವಾರ್ಷಿಕ ಶುಲ್ಕಗಳೂ ಲೆಕ್ಕಕ್ಕೆ ಬರುತ್ತವೆ.

ಸ್ವೀಕಾರ ಪರೀಕ್ಷೆ

ಮಾರಾಟಗಾರನು ಹೇಳುವ ನಿಖರತೆಯು ಯಾವ ಸ್ಥಿತಿಯಲ್ಲಿ ಅಳೆದದ್ದೆಂದು ತಿಳಿಯದಿದ್ದರೆ ಆ ಸಂಖ್ಯೆಗೆ ಹೆಚ್ಚಿನ ಅರ್ಥವಿರುವುದಿಲ್ಲ. ಹತ್ತು ಅಳತೆಗಳಲ್ಲಿ ಒಂಬತ್ತರಲ್ಲಿ 20 ಸೆಂಟಿಮೀಟರ್, ಒಂದರಲ್ಲಿ 5 ಮೀಟರ್ ವ್ಯತ್ಯಾಸ ಬಂದಿದೆಯೆಂದು ಭಾವಿಸಬಹುದು. ಆಗ ಮಧ್ಯಾಂಕವು 20 ಸೆಂಟಿಮೀಟರ್, ಸರಾಸರಿಯು 68 ಸೆಂಟಿಮೀಟರ್. ಎರಡೂ ಸತ್ಯವೇ, ಆದರೆ ಹತ್ತನೆಯ ಅಳತೆಯು ಸರಕನ್ನು ಪಕ್ಕದ ಓಣಿಯಲ್ಲಿ ತೋರಿಸುತ್ತದೆ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಆದ್ದರಿಂದ ‘ಶೇಕಡ 95ರಷ್ಟು ಅಳತೆಗಳು 50 ಸೆಂಟಿಮೀಟರ್ ಒಳಗಿರಬೇಕು’ ಎಂಬಂಥ ರೂಪದಲ್ಲಿ ಷರತ್ತನ್ನು ಬರೆಯುವುದು ಹೆಚ್ಚು ಸಮಂಜಸ. ಸ್ಥಾನಪತ್ತೆ ವ್ಯವಸ್ಥೆಗಳ ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆ 2016ರಲ್ಲಿ ಪ್ರಕಟವಾದ ಐ.ಎಸ್.ಒ./ಐ.ಇ.ಸಿ. 18305 ಎಂಬ ಅಂತರರಾಷ್ಟ್ರೀಯ ಮಾನಕವಿದೆ.

ಪರೀಕ್ಷೆಯು ಮಾರಾಟಗಾರನ ಪ್ರದರ್ಶನ ಕೊಠಡಿಯಲ್ಲಲ್ಲದೆ ಖರೀದಿದಾರನ ಕಟ್ಟಡದಲ್ಲಿ, ಯಂತ್ರಗಳು ನಡೆಯುತ್ತಿರುವಾಗ, ಮೊದಲೇ ಅಳೆದು ಗುರುತು ಮಾಡಿದ ಬಿಂದುಗಳಲ್ಲಿ ಜರುಗಬೇಕು. ಸಿಗ್ನಲ್ ದುರ್ಬಲವಾಗಿರಬಹುದಾದ ಮೂಲೆಗಳೂ ಆ ಬಿಂದುಗಳಲ್ಲಿ ಸೇರಿರಬೇಕು. ಪೂರ್ಣ ಖರೀದಿಗೆ ಮೊದಲು ಒಂದು ಭಾಗದಲ್ಲಿ ಪ್ರಾಯೋಗಿಕ ಅಳವಡಿಕೆಯನ್ನು ಮಾಡಿ, ಪಾವತಿಯ ಒಂದಂಶವನ್ನು ಪರೀಕ್ಷೆಯ ಫಲಿತಾಂಶಕ್ಕೆ ಜೋಡಿಸುವ ಪದ್ಧತಿಯೂ ಇದೆ.

ಕಾನೂನು ಮತ್ತು ಅನುಮತಿಗಳು

ಭಾರತದಲ್ಲಿ ರೇಡಿಯೊ ತರಂಗಗಳ ಬಳಕೆಯನ್ನು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ನೋಡಿಕೊಳ್ಳುತ್ತದೆ. ಪರವಾನಗಿಯಿಲ್ಲದ ತರಂಗಪಟ್ಟಿಯಲ್ಲಿ ಕೆಲಸ ಮಾಡುವ ಉಪಕರಣಗಳಿಗೂ ಈ ವಿಭಾಗದ ಮಾದರಿ ಅನುಮೋದನೆ ಬೇಕಾಗುತ್ತದೆ. ತರಂಗಪಟ್ಟಿಗಳು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತವೆ: ಆರ್.ಎಫ್.ಐ.ಡಿ. ಸಾಧನಗಳಿಗೆ ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್ ಬಳಕೆಯಲ್ಲಿದ್ದರೆ ಭಾರತದಲ್ಲಿ 865 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಪಟ್ಟಿಯಿದೆ. ಅನುಮೋದನೆಯ ಪ್ರತಿಯನ್ನು ದರಪಟ್ಟಿಯೊಡನೆಯೇ ಕೇಳಿ ಪಡೆಯುವುದು ಸೂಕ್ತ. ಕರ್ನಾಟಕ ಸರ್ಕಾರದ ಉದ್ದಿಮೆಗಳ ಖರೀದಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ.

ಕೆಲಸಗಾರರ ಖಾಸಗಿತನ ಮತ್ತು ಸುರಕ್ಷತೆ

ಟ್ಯಾಗ್ ಒಬ್ಬ ಕೆಲಸಗಾರನ ಹೆಸರಿಗೆ ಜೋಡಣೆಯಾದೊಡನೆ ಅದರ ಸ್ಥಾನದ ದಾಖಲೆಯು ಆ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾಗುತ್ತದೆ. ಆತ ಎಷ್ಟು ಹೊತ್ತು ವಿಶ್ರಮಿಸಿದ, ಯಾರ ಬಳಿ ನಿಂತಿದ್ದ ಎಂಬುದೂ ಅದರಲ್ಲಿ ಉಳಿಯುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ರೂಪುಗೊಂಡಿತು. ಈ ಹಿನ್ನೆಲೆಯಲ್ಲಿ ದಾಖಲೆಯನ್ನು ಎಷ್ಟು ದಿನ ಇಡಲಾಗುವುದು, ಯಾರು ನೋಡಬಹುದು, ವಿಶ್ರಾಂತಿ ಕೊಠಡಿ ಹಾಗೂ ಶೌಚಾಲಯಗಳ ಪ್ರದೇಶವನ್ನು ವ್ಯವಸ್ಥೆಯಿಂದ ಹೊರಗಿಡಲು ಸಾಧ್ಯವೇ ಎಂಬ ಪ್ರಶ್ನೆಗಳೂ ದರಪಟ್ಟಿ ಕೋರಿಕೆಯ ಭಾಗವಾಗಬೇಕಾಗುತ್ತವೆ. ಉಪಕರಣವನ್ನು ಕೊಂಡ ಬಳಿಕ ಇಂಥ ಸೌಲಭ್ಯಗಳನ್ನು ಸೇರಿಸುವುದು ಕಷ್ಟ.

ಸ್ಥಾನಪತ್ತೆ ವ್ಯವಸ್ಥೆಯು ವಾಹನವು ಕೆಲಸಗಾರನ ಸಮೀಪಕ್ಕೆ ಬಂದಾಗ ಎಚ್ಚರಿಕೆ ನೀಡಬಲ್ಲದು. ಆದರೆ ಬ್ಯಾಟರಿ ಮುಗಿದ ಟ್ಯಾಗ್ ಅಥವಾ ಲೋಹದ ಮರೆಯಲ್ಲಿ ಕಳೆದುಹೋದ ಸಂಕೇತದಿಂದ ಎಚ್ಚರಿಕೆ ತಪ್ಪಿಹೋಗುವ ಸಂಭವವಿರುತ್ತದೆ. ಯಂತ್ರಗಳ ಸುರಕ್ಷತಾ ನಿಯಂತ್ರಣಕ್ಕೆ ಐ.ಎಸ್.ಒ. 13849 ಮೊದಲಾದ ಪ್ರತ್ಯೇಕ ಮಾನಕಗಳಿವೆ. ಅವುಗಳಂತೆ ಪ್ರಮಾಣೀಕರಿಸದ ವ್ಯವಸ್ಥೆಯು ತಡೆಬೇಲಿ, ತುರ್ತು ನಿಲುಗಡೆ, ಪ್ರತ್ಯೇಕ ಕಾಲುದಾರಿ ಮುಂತಾದವುಗಳಿಗೆ ಪೂರಕವಾಗಬಹುದೇ ಹೊರತು ಬದಲಿಯಾಗಲಾರದು. ಸುರಕ್ಷತೆಯೇ ಖರೀದಿಯ ಉದ್ದೇಶವಾಗಿದ್ದಲ್ಲಿ ಅದನ್ನು ಕೋರಿಕೆಯ ಮೊದಲ ಸಾಲಿನಲ್ಲಿಯೇ ತಿಳಿಸಿ, ಸಂಕೇತ ತಪ್ಪಿದಾಗ ವ್ಯವಸ್ಥೆಯು ಏನು ಮಾಡುತ್ತದೆ ಎಂಬುದಕ್ಕೆ ಮಾರಾಟಗಾರನಿಂದ ಲಿಖಿತ ಉತ್ತರವನ್ನು ಪಡೆಯಬೇಕಾಗುತ್ತದೆ.