ಅಪ್ಪನ ಗುಟ್ಟು ಬರೆದೆ, ನನ್ನದನ್ನು ಬಿಟ್ಟೆ

ಎರಡು ವರ್ಷದ ಹಿಂದಿನ ಮಾತು. ನಮ್ಮೂರಿನ ಸಂಘದವರು ಸ್ಮರಣ ಸಂಚಿಕೆ ತರ್ತಿದ್ದೀವಿ, ನೀನೂ ಏನಾದ್ರೂ ಬರೆದುಕೊಡು ಅಂದ್ರು. ಹಳ್ಳಿಯಿಂದ ಹೋಗಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆದ ಹುಡುಗಿಯ ಕಥೆ ಅವರಿಗೆ ಬೇಕಿತ್ತು. ಒಂದು ಭಾನುವಾರ ಕೂತು ಬರೆದುಬಿಟ್ಟೆ.

ತಿಪಟೂರಿನ ಹತ್ತಿರದ ನಮ್ಮ ತೋಟ, ಕೊಬ್ಬರಿ ರೇಟು ಬಿದ್ದ ವರ್ಷ, ನನ್ನ ಫೀಸಿಗೆ ಅಪ್ಪ ಮಾಡಿದ ಕೈಸಾಲ ಎಲ್ಲ ಅದರಲ್ಲಿತ್ತು. ಸಾಲ ಕೊಟ್ಟವರು ಮನೆಗೆ ಬಂದಾಗ ಅಪ್ಪ ಪಂಪ್‌ಹೌಸಿನಲ್ಲಿ ಕೂತುಕೊಂಡು, ‘ಮನೇಲಿಲ್ಲ ಅಂತ ಹೇಳು’ ಅಂದಿದ್ದನ್ನೂ ಬಿಡಲಿಲ್ಲ. ಓದಿದವರು ಫೋನ್ ಮಾಡಿ ‘ಎಷ್ಟು ಪ್ರಾಮಾಣಿಕವಾಗಿ ಬರೆದಿದ್ದೀಯಮ್ಮ, ಕಣ್ಣಲ್ಲಿ ನೀರು ಬಂತು’ ಅಂದ್ರು. ನಾನೂ ಉಬ್ಬಿಹೋದೆ.

ವಾರ ಕಳೆದ ಮೇಲೆ ಅಮ್ಮ ಹೇಳಿದಳು: ‘ನಿಮ್ಮಪ್ಪ ಡೈರಿಗೆ ಹೋಗೋದು ಬಿಟ್ಟಿದ್ದಾರೆ ಕಣೆ. ಹಾಲು ಹಾಕೋಕೆ ನಾನೇ ಹೋಗ್ತಿದ್ದೀನಿ.’

ಊರಿಗೆ ಹೋದೆ. ಅಪ್ಪ ಬೈಯಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ್ರು: ‘ಸಾಲ ಮಾಡಿದ್ದು ನಾನು, ತೀರಿಸಿದ್ದೂ ನಾನು. ಊರಿಗೆ ಹೇಳೋದಿದ್ರೆ ನಾನೇ ಹೇಳ್ತಿದ್ದೆ ಕಣಮ್ಮ.’

ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಪರ ನಾನೇ ವಾದ ಮಾಡ್ತಿದ್ದೆ. ಬರೆದಿದ್ದರಲ್ಲಿ ಒಂದೂ ಸುಳ್ಳಿಲ್ಲವಲ್ಲ? ಆದ್ರೆ ಏನೋ ಚುಚ್ಚುತ್ತಿತ್ತು.

ಆ ದಿನಗಳಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಪ್ರಯೋಗವೊಂದರ ಬಗ್ಗೆ ಓದಿದೆ. ಸಹೋದ್ಯೋಗಿ ಸಾಂಡ್ರಾ ಬೀಲ್ ಜೊತೆ ಅವರು ಅದನ್ನು 1986ರಲ್ಲಿ ಪ್ರಕಟಿಸಿದ್ದರು. ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಬೇಕಿತ್ತು. ಕೆಲವರಿಗೆ ಸಾಮಾನ್ಯ ವಿಷಯ, ಕೆಲವರಿಗೆ ಬದುಕಿನ ಅತಿ ನೋವಿನ ಘಟನೆ. ನೋವನ್ನು ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆದರೆ ಘಟನೆಯ ಜೊತೆ ತಮ್ಮ ಭಾವನೆಯನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋಗಿದ್ದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಫಲಿತಾಂಶ ಎಲ್ಲ ಸಲವೂ ಹೀಗೇ ಬಂದಿಲ್ಲ ಅನ್ನೋದೂ ನಿಜ. ಆದರೂ ನನಗೆ ಹಿಡಿಸಿದ ವಿಷಯ ಬೇರೆ. ಆ ವಿದ್ಯಾರ್ಥಿಗಳು ಊರಿಗೆ ಹಂಚೋಕೆ ಬರೆದಿರಲಿಲ್ಲ. ಚಪ್ಪಾಳೆ ಇರಲಿಲ್ಲ.

ನಾನೂ ಒಂದು ನೋಟ್‌ಬುಕ್ ತಗೊಂಡೆ. ಮೊಬೈಲ್ ದೂರ ಇಟ್ಟು ರಾತ್ರಿ 15 ನಿಮಿಷ ಬರೆದೆ. ಮೊದಲ ಎರಡು ದಿನ ಮತ್ತೆ ಅಪ್ಪನ ಕಷ್ಟದ್ದೇ ಕಥೆ. ಮೂರನೇ ದಿನ ಕೈ ನಿಂತುಹೋಯ್ತು. ಆಮೇಲೆ ಬಂದ ವಾಕ್ಯ ಇದು: ‘ಮೂರನೇ ಸೆಮಿಸ್ಟರ್‌ನಲ್ಲಿ ನನಗೆ ಎರಡು ಸಬ್ಜೆಕ್ಟ್ ಬ್ಯಾಕ್ ಇತ್ತು.’

ಮನೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಟ್ಯೂಷನ್‌ಗೆ ದುಡ್ಡು ಬೇಕಿತ್ತು. ‘ಪ್ರಾಜೆಕ್ಟ್ ಫೀಸು’ ಅಂತ ಸುಳ್ಳು ಹೇಳಿ ಅಪ್ಪನ ಹತ್ತಿರ ಎಂಟು ಸಾವಿರ ತರಿಸಿಕೊಂಡಿದ್ದೆ. ಅಪ್ಪ ಅದನ್ನೂ ಕೈಸಾಲ ಮಾಡಿಯೇ ಕಳಿಸಿದ್ದರು. ಅಂದ್ರೆ ಅವರು ಪಂಪ್‌ಹೌಸಿನಲ್ಲಿ ಕೂತಿದ್ದರಲ್ಲಿ ನನ್ನ ಸುಳ್ಳಿನ ಪಾಲೂ ಇತ್ತು. ಸ್ಮರಣ ಸಂಚಿಕೆಯಲ್ಲಿ ಆ ಸಾಲು ಇರಲಿಲ್ಲ. ಅಲ್ಲಿ ನಾನು ಕಷ್ಟಪಟ್ಟು ಓದಿ ಮೇಲೆ ಬಂದ ಮಗಳು. ಬೆತ್ತಲಾಗಿದ್ದು ಅಪ್ಪ, ಹೊಗಳಿಸಿಕೊಂಡಿದ್ದು ನಾನು.

ಗಾಂಧೀಜಿ ಆತ್ಮಕಥೆಯ ಒಂದು ಪ್ರಸಂಗ ನೆನಪಾಯ್ತು. ಅಣ್ಣನ 25 ರೂಪಾಯಿ ಸಾಲ ತೀರಿಸೋಕೆ, ಅವನ ತೋಳಿನ ಕಡಗದಿಂದಲೇ ಒಂದು ಚೂರು ಚಿನ್ನ ಕದ್ದ ಹುಡುಗ, ಮನಸ್ಸು ತಡೆಯದೆ ಚೀಟಿ ಬರೆದು ಹಾಸಿಗೆ ಹಿಡಿದಿದ್ದ ಅಪ್ಪನ ಕೈಗೆ ಕೊಡ್ತಾನೆ. ಅಪ್ಪ ಓದಿ ಕಣ್ಣೀರಿಟ್ಟು ಚೀಟಿ ಹರಿದುಹಾಕ್ತಾರೆ. ಲೋಕಕ್ಕೆ ಈ ವಿಷಯ ಗೊತ್ತಾಗಿದ್ದು ಎಷ್ಟೋ ದಶಕಗಳ ನಂತರ, 1925ರಿಂದ ‘ನವಜೀವನ’ದಲ್ಲಿ ಆತ್ಮಕಥೆ ಕಂತುಕಂತಾಗಿ ಬರಲು ಶುರುವಾದ ಮೇಲೆ. ಮೊದಲು ಯಾರಿಗೆ ಹೇಳಬೇಕೋ ಅವರಿಗೆ, ಆಮೇಲೆ ಊರಿಗೆ. ನಾನು ಈ ಕ್ರಮವನ್ನೇ ತಿರುಗಿಸಿಬಿಟ್ಟಿದ್ದೆ.

ಇನ್ನೊಂದು ವಿಷಯ. ಪಿ. ಲಂಕೇಶ್ ‘ಹುಳಿಮಾವಿನ ಮರ’ ಅಂತ ಆತ್ಮಕಥೆ ಬರೆದರು. ಅವರು ಹೋದ ಎಷ್ಟೋ ವರ್ಷಗಳ ಮೇಲೆ ಹೆಂಡತಿ ಇಂದಿರಾ ಲಂಕೇಶ್ ‘ಹುಳಿಮಾವು ಮತ್ತು ನಾನು’ ಬರೆದರು. ಅದೇ ಮನೆ, ಅದೇ ಸಂಸಾರ, ಆದ್ರೆ ಹೇಳುವ ದನಿ ಬೇರೆ. ನಮ್ಮ ಕಥೆ ಅಂತ ನಾವು ಬರೆಯೋದರಲ್ಲಿ ಇನ್ನೊಬ್ಬರ ಕಥೆಯೂ ಇರುತ್ತೆ. ಎಲ್ಲರಿಗೂ ತಮ್ಮ ಪುಸ್ತಕ ಬರೆಯೋ ಅವಕಾಶ ಸಿಗಲ್ಲ. ನಮ್ಮಪ್ಪನಂಥವರು ಡೈರಿಗೆ ಹೋಗೋದು ಬಿಡ್ತಾರೆ, ಅಷ್ಟೆ.

ಹಾಗಂತ ಬರೆಯಲೇಬಾರದು ಅಂತ ನಾನು ಹೇಳ್ತಿಲ್ಲ. ಕಷ್ಟವನ್ನ ಮುಚ್ಚಿಟ್ಟೇ ಎಷ್ಟೋ ಮನೆಗಳು ಒಳಗೊಳಗೇ ಬೇಯುತ್ತವೆ. ಆದ್ರೆ ಈಗ ಬರೆಯೋಕೆ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ತೀನಿ: ಈ ಸತ್ಯ ಹೇಳಿದ್ರೆ ತಲೆ ತಗ್ಗಿಸಬೇಕಾದವರು ಯಾರು? ನಾನಾದ್ರೆ ಧೈರ್ಯವಾಗಿ ಬರೀತೀನಿ. ಇನ್ನೊಬ್ಬರಾದ್ರೆ ಮೊದಲು ಅವರನ್ನ ಕೇಳ್ತೀನಿ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಎಂಟು ಸಾವಿರದ ವಿಷಯ ಅಪ್ಪನಿಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ್ರು. ಸ್ವಲ್ಪ ಹೊತ್ತು ಬಿಟ್ಟು, ‘ಆಗಲೇ ಹೇಳಿದ್ರೆ ಬೈತಿದ್ದೆ. ದುಡ್ಡಂತೂ ಕೊಡ್ತಿದ್ದೆ’ ಅಂದ್ರು. ಅಷ್ಟು ವರ್ಷ ನಾನು ಹೆದರಿದ್ದು ಆ ಒಂದು ಬೈಗುಳಕ್ಕೆ.

ಈ ಲೇಖನವನ್ನೂ ಅಪ್ಪನಿಗೆ ಮೊದಲು ಓದಿ ಹೇಳಿದ್ದೀನಿ. ಒಂದು ಸಾಲು ತೆಗಿ ಅಂದ್ರು. ತೆಗೆದಿದ್ದೀನಿ. ಮಿಕ್ಕಿದ್ದು ಹಾಕ್ಕೋ, ಅದು ನಿಂದೇ ಅಂದ್ರು.