ಚಿನ್ನಿಗೆ ಮರಳು ಹುಡುಕಿದ್ದು

ಐದನೇ ಸೆಮಿಸ್ಟರ್ ಪರೀಕ್ಷೆಗೆ ಹದಿನೆಂಟು ದಿನ ಬಾಕಿ ಇತ್ತು. ಸ್ಟಡಿ ಹಾಲಿಡೇಸ್‌ನ ಮೊದಲ ಬೆಳಿಗ್ಗೆಯೇ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆ ಹಿತ್ತಿಲಿನಲ್ಲಿ ಕೀರಲು ದನಿ. ಹಿಂದಿನ ರಾತ್ರಿ ಬೀದಿಯ ಬೆಕ್ಕೊಂದು ಲಾರಿಗೆ ಸಿಕ್ಕಿ ಸತ್ತಿತ್ತು. ಸೌದೆ ರಾಶಿಯ ಹಿಂದಿನ ಗೋಣಿಚೀಲದ ಮೇಲೆ ಅದರ ಎರಡು ಮರಿಗಳಿದ್ದವು. ಒಂದು ಕಪ್ಪು, ಒಂದು ಹಳದಿ. ಕಣ್ಣು ಇನ್ನೂ ಅರೆಬರೆ ತೆರೆದಿದ್ದವು.

‘ಮೊದ್ಲು ನಿನ್ನ ಬ್ಯಾಕ್‌ಲಾಗ್ ನೋಡ್ಕೊಳ್ಳೋ, ಆಮೇಲೆ ಬೆಕ್ಕು’ ಅಂದರು ಅಮ್ಮ. ಹಾಗಂದವರೇ ಹಳೇ ಸೀರೆಯ ತುಂಡು ಕೊಟ್ಟರು.

ಮೊದಲ ದಿನ ನಾನು ಮಾಡಿದ್ದೆಲ್ಲ ತಪ್ಪೇ. ಪ್ಯಾಕೆಟ್ ಹಾಲು ಬಿಸಿ ಮಾಡಿ, ಮರಿಗಳನ್ನು ಪಾಪುವಿನ ಹಾಗೆ ಅಂಗಾತ ಹಿಡಿದು ಇಂಕ್ ಫಿಲ್ಲರ್‌ನಿಂದ ಕುಡಿಸಿದೆ. ಕಪ್ಪು ಮರಿಯ ಮೂಗಿನಿಂದ ಹಾಲು ಬಂತು. ಒರೆಸಿ ಮತ್ತೆ ಕುಡಿಸಿದೆ. ರಾತ್ರಿ ಅದು ಬಾಯಿ ತೆರೆದು ಉಸಿರೆಳೆಯತೊಡಗಿತು. ಬೆಳಗಿನ ಜಾವ ನನ್ನ ಅಂಗೈಯಲ್ಲೇ ತಣ್ಣಗಾಯಿತು.

ಉಳಿದದ್ದನ್ನು ಎತ್ತಿಕೊಂಡು ಪಶು ವೈದ್ಯರ ಬಳಿ ಓಡಿದೆ. ‘ಹಾಲು ಶ್ವಾಸಕೋಶಕ್ಕೆ ಹೋಗಿರುತ್ತೆ. ತಾಯಿ ಹತ್ರ ಮರಿಗಳು ಹೊಟ್ಟೆ ಮೇಲೆ ಮಲಗಿ ಕುಡಿಯುತ್ತವೆ ಅಲ್ವಾ? ಹಾಗೇ ಹಿಡಿಬೇಕು’ ಅಂದರು. ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಹಸುವಿನ ಹಾಲು ಮರಿಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದಂತೆ. ಮೈ ತಣ್ಣಗಿದ್ದಾಗ ಏನೂ ಕುಡಿಸಬಾರದು, ಮೊದಲು ಬೆಚ್ಚಗಾಗಬೇಕು. ಇಷ್ಟು ಚಿಕ್ಕ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದೂ ಇಲ್ಲ. ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿ ಇಲ್ಲದಿದ್ದರೆ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ ನಾವೇ ಮಾಡಿಸಬೇಕು. ಮೂರು ವರ್ಷದ ಬಿಇಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ!

ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿ ನನಗೆ ಇಲ್ಲಿ ಸಿಗಲಿಲ್ಲ. ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರುವ ಗೆಳೆಯ ಸಂಜೆ ತಂದುಕೊಟ್ಟ. ಅಲ್ಲಿಂದ ಎರಡು–ಮೂರು ಗಂಟೆಗೊಮ್ಮೆ ಅಲಾರಾಂ. ರಾತ್ರಿ ಎರಡಕ್ಕೆ ಒಂದು ಕೈಯಲ್ಲಿ ಸೂಜಿ ತೆಗೆದ ಸಿರಿಂಜ್, ಇನ್ನೊಂದರಲ್ಲಿ ನೋಟ್ಸ್. ದಿನಾ ಬೆಳಿಗ್ಗೆ ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಕ. ಮೊದಲ ದಿನ 160 ಗ್ರಾಂ. ದಿನಕ್ಕೆ ಹತ್ತು ಗ್ರಾಂ ಏರಿದರೆ ಆ ದಿನ ನಾನು ಪಾಸ್. ಒಂದು ದಿನ ಏರಲೇ ಇಲ್ಲ. ಅವತ್ತು ಏನು ಓದಿದೆನೋ ನೆನಪಿಲ್ಲ. ಕೆಜಿಎಫ್‌ನಲ್ಲಿ ಹುಟ್ಟಿದ ಹಳದಿ ಮರಿ ಅಂತ ಅಮ್ಮನೇ ಚಿನ್ನಿ ಎಂದು ಹೆಸರಿಟ್ಟರು. ಪರೀಕ್ಷೆಯ ಮೂರು ಗಂಟೆ ಪಕ್ಕದ ಮನೆಯ ಪಾಟಿ ಅದನ್ನು ಮಡಿಲಲ್ಲಿಟ್ಟು ತಮಿಳಿನಲ್ಲಿ ಮಾತಾಡಿಸುತ್ತಾ ಕೂರುತ್ತಿದ್ದರು.

ಪರೀಕ್ಷೆ ಮುಗಿಯುವ ಹೊತ್ತಿಗೆ ಚಿನ್ನಿಗೆ ನಾಲ್ಕು ವಾರ. ತಾನಾಗೇ ಮಾಡಲು ಶುರುಮಾಡಿತು, ಅದೂ ನನ್ನ ಲ್ಯಾಬ್ ರೆಕಾರ್ಡ್ ಮೇಲೆ. ಇನ್ನು ಟ್ರೇ ಬೇಕೇ ಬೇಕು. ಮಿಠಾಯಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಸರಿಹೋಯಿತು, ಅಂಚು ಗಿಡ್ಡ, ಮರಿ ಹತ್ತಬಹುದು. ಅದಕ್ಕೆ ಹಳೇ ಪೇಪರ್ ಹರಿದು ಹಾಕಿದೆ (ಸಂಪಾದಕರು ಕ್ಷಮಿಸಬೇಕು). ಚಿನ್ನಿ ಅದರ ಮೇಲೆ ನಿದ್ದೆ ಮಾಡಿತು.

ಮರಳೇ ಬೇಕು ಅನ್ನಿಸಿತು. ನಮ್ಮೂರಲ್ಲಿ ಅದಕ್ಕೇನು ಬರ? ಗಣಿಯಿಂದ ಬಂದ ಬೂದು ಪುಡಿಯ ಗುಡ್ಡಗಳೇ ಇವೆ. ಜಲ್ಲಡಿ ಹಿಡಿದಷ್ಟು ನುಣುಪು, ಬಿಟ್ಟಿ. ಚೀಲ ಹಿಡಿದು ಸ್ಕೂಟರ್ ತೆಗೆದೆ. ಪಾಟಿಯ ಯಜಮಾನರು, ನಾವು ತಾತ ಅನ್ನುವವರು, ಜಗಲಿ ಮೇಲಿದ್ದರು. 2001ರಲ್ಲಿ ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್ಸ್‌ನಲ್ಲಿ ಕೆಲಸ ಮಾಡಿದವರು. ಎಲ್ಲಿಗೆ ಅಂತ ಕೇಳಿದರು. ಹೇಳಿದೆ.

‘ಸಯನೈಡ್ ಗುಡ್ಡದ ಮಣ್ಣಾ? ಕಲ್ಲು ಪುಡಿ ಮಾಡಿ, ಸಯನೈಡ್ ಹಾಕಿ ಚಿನ್ನ ತೆಗೆದು ಬಿಸಾಕಿದ್ದಪ್ಪಾ ಅದು. ಬೆಕ್ಕು ಕಾಲು ನೆಕ್ಕಲ್ವಾ?’

ಗಾಳಿ ಬೀಸಿದಾಗೆಲ್ಲ ಆ ಧೂಳು ನಮ್ಮ ಕಿಟಕಿಗೂ ಬರುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಆದರೂ ಅದು ನನಗೆ ಬರೀ ಮರಳಾಗಿ ಕಂಡಿತ್ತು. ಮತ್ತೆ ಅದೇ ಅಂಗಾತ ಹಿಡಿದ ಮರಿ ನೆನಪಾಯಿತು. ಸ್ಕೂಟರ್ ನಿಲ್ಲಿಸಿದೆ.

ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಗಟ್ಟಿಯಾಗುವ ಪುಡಿಯೂ ಬೇಡ, ಚಿಕ್ಕ ಮರಿ ತಿಂದರೆ ಕರುಳಲ್ಲಿ ಕಟ್ಟಿಕೊಳ್ಳಬಹುದು ಅಂದಿದ್ದರು ಡಾಕ್ಟರ್. ಕೊನೆಗೆ ಮನೆ ಕಟ್ಟಿಸುತ್ತಿರುವವರನ್ನು ಕೇಳಿ ಒಂದು ಬುಟ್ಟಿ ನದಿ ಮರಳು ತಂದೆ. ತೊಳೆದು ಒಣಗಿಸಿದೆ. ಚಿನ್ನಿ ಅದನ್ನೂ ನೆಕ್ಕಲು ನೋಡುತ್ತಿತ್ತು, ಹಾಗಾಗಿ ಪಕ್ಕದಲ್ಲೇ ಕಾವಲು. ಉಂಡ ಕೂಡಲೇ, ಎದ್ದ ಕೂಡಲೇ ಟ್ರೇಯಲ್ಲಿ ಬಿಡುವುದು. ಅದರ ಉಚ್ಚೆ ಒರೆಸಿದ ಹತ್ತಿಯನ್ನು ಗುರುತಿಗೆ ಅಲ್ಲೇ ಇಡುವುದು. ಬೇರೆ ಕಡೆ ಮಾಡಿದರೆ ಬೈಯದೆ, ವಾಸನೆ ಉಳಿಯದಂತೆ ಸೋಪಿನ ನೀರಲ್ಲಿ ಒರೆಸುವುದು. ಫಿನಾಯಿಲ್ ಬೆಕ್ಕಿಗೆ ವಿಷ ಅಂದಾಗ ಅಮ್ಮ ಮಾತಿಲ್ಲದೆ ಬಾಟಲಿ ಎತ್ತಿಟ್ಟರು.

ಐದನೇ ದಿನ ಸಂಜೆ ಚಿನ್ನಿ ತಾನೇ ನಡೆದು ಹೋಗಿ, ಕೆರೆದು, ಕೂತು, ಗಂಭೀರವಾಗಿ ಗೋಡೆ ನೋಡಿತು. ಆಮೇಲೆ ಮುಚ್ಚತೊಡಗಿತು, ಮರಳನ್ನಲ್ಲ, ಪಕ್ಕದ ನೆಲವನ್ನು! ನಾನು ಕೂಗಿದ್ದಕ್ಕೆ ಅಮ್ಮ ಅಡುಗೆಮನೆಯಿಂದ, ಪಾಟಿ, ತಾತ ಪಕ್ಕದ ಮನೆಯಿಂದ ಓಡಿ ಬಂದರು. ರಿಸಲ್ಟ್ ಬಂತು ಅಂದುಕೊಂಡಿದ್ದರಂತೆ.